‘ಪಾಯಿಂಟ್ ಒಂದು’ ಚಾನೆಲ್‌ಗೆ ಏನು ಹಾಕಬೇಕು, ಎಷ್ಟು ಹಾಕಬೇಕು?

ಐದು ಸ್ಪೀಕರ್‌ಗಳು ಕೇಳುಗರನ್ನು ಸುತ್ತುವರಿಯುವ 5.1 ಸರೌಂಡ್‌ನಲ್ಲಿ ಆ ‘ಪಾಯಿಂಟ್ ಒಂದು’ ಯಾವುದು ಅಂತ ಕೇಳಿದರೆ ಹೆಚ್ಚಿನವರು ಮೂಲೆಯ ಸಬ್‌ವೂಫರ್ ಕಡೆ ಬೆರಳು ತೋರಿಸುತ್ತಾರೆ. ಗೊಂದಲ ಶುರುವಾಗುವುದೇ ಇಲ್ಲಿ. ಸಬ್‌ವೂಫರ್ ತಗ್ಗು ಸದ್ದು ನುಡಿಸುವ ಒಂದು ಪೆಟ್ಟಿಗೆ. ಪಾಯಿಂಟ್ ಒಂದು ಎನ್ನುವುದು ಮಿಕ್ಸ್‌ನೊಳಗಿನ ಒಂದು ಚಾನೆಲ್. ಅದರ ಹೆಸರು ಎಲ್‌ಎಫ್‌ಇ, ಅಂದರೆ ಲೋ ಫ್ರೀಕ್ವೆನ್ಸಿ ಎಫೆಕ್ಟ್ಸ್, ತಗ್ಗು ಸದ್ದಿನ ಪರಿಣಾಮಗಳು. ಸ್ಪೀಕರ್‌ಗಳನ್ನು ನಡೆಸುವ ಮನೆಯ ರಿಸೀವರ್, ಚಿಕ್ಕ ಸ್ಪೀಕರ್‌ಗಳ ಕೈಲಾಗದ ತಗ್ಗು ಸ್ವರಗಳನ್ನು, ಸಾಮಾನ್ಯವಾಗಿ 80 ಹರ್ಟ್ಜ್‌ಗಿಂತ ಕೆಳಗಿನದ್ದನ್ನು, ತಾನೇ ಸಬ್‌ವೂಫರ್‌ಗೆ ತಿರುಗಿಸುತ್ತದೆ. ಇದೇ ಬೇಸ್ ಮ್ಯಾನೇಜ್‌ಮೆಂಟ್. ಹಾಗಾಗಿ ಹಾಡು ಮಿಕ್ಸ್ ಮಾಡುವ ನೀವು ಎಲ್‌ಎಫ್‌ಇ ಪೂರ್ತಿ ಖಾಲಿ ಬಿಟ್ಟರೂ ಸಬ್‌ವೂಫರ್ ಸುಮ್ನೆ ಕೂರುವುದಿಲ್ಲ.

ಈ ಚಾನೆಲ್ ಹುಟ್ಟಿದ್ದು ಸಿನಿಮಾಕ್ಕಾಗಿ. ಮಾತು, ಸಂಗೀತ ಎಲ್ಲ ತುಂಬಿದ ಟ್ರ್ಯಾಕ್‌ಗಳಲ್ಲಿ ಸ್ಫೋಟದ ಸದ್ದಿಗೆ ಜಾಗ ಸಾಲುತ್ತಿರಲಿಲ್ಲ. 1977ರಲ್ಲಿ 70 ಎಂಎಂ ಪ್ರಿಂಟ್‌ಗಳಲ್ಲಿ ಗುಡುಗುವ ಸದ್ದಿಗೇ ಬೇರೆ ಟ್ರ್ಯಾಕ್ ಕೊಟ್ಟರು. ಅದಕ್ಕೆ ‘ಬೇಬಿ ಬೂಮ್’ ಅಂತ ಅಡ್ಡಹೆಸರೂ ಬಿತ್ತು. 5.1 ಎಂಬ ಹೆಸರನ್ನು ಸಿನಿಮಾ ಧ್ವನಿ ತಜ್ಞ ಟಾಮ್ಲಿನ್ಸನ್ ಹಾಲ್ಮನ್ ಮುಂದಿಟ್ಟದ್ದು 1987ರಲ್ಲಿ. ಸಂಗೀತಕ್ಕೆ ಈ ತಾಪತ್ರಯ ಇಲ್ಲ. ಐದೂ ಮುಖ್ಯ ಚಾನೆಲ್‌ಗಳು 20 ಹರ್ಟ್ಜ್‌ವರೆಗೆ ಇಳಿಯಬಲ್ಲವು. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ ಮಿಡಿಯುವುದು ಸುಮಾರು 41 ಹರ್ಟ್ಜ್‌ನಲ್ಲಿ, ಪಿಯಾನೋದ ಕಟ್ಟಕಡೆಯ ಮನೆ 27.5ರಲ್ಲಿ. ಅವಕ್ಕೆ ಎಲ್‌ಎಫ್‌ಇ ಬೇಕೇಬೇಕು ಅಂತೇನಿಲ್ಲ.

ಮೊದಲ ಹೆಜ್ಜೆ: ಕೋಣೆ ಸರಿಮಾಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಎಲ್‌ಎಫ್‌ಇ ಚಾನೆಲನ್ನು ನುಡಿಸುವಾಗ ರಿಸೀವರ್ ಅದಕ್ಕೆ 10 ಡೆಸಿಬೆಲ್ ಹೆಚ್ಚು ಬಲ ಕೊಡಬೇಕು ಅನ್ನುವುದು ಒಪ್ಪಿತ ನಿಯಮ. ನಿಮ್ಮ ಕೋಣೆಯಲ್ಲೂ ಅದು ನಡೆಯಬೇಕು. ಮೊದಲು ಐದು ಸ್ಪೀಕರ್‌ಗಳಿಗೂ ಪಿಂಕ್ ನಾಯ್ಸ್ (ಅಳತೆಗೆಂದೇ ಇರುವ ‘ಷ್’ ಸದ್ದು) ಬಿಟ್ಟು ಒಂದೇ ಮಟ್ಟಕ್ಕೆ ತನ್ನಿ. ಬೇಸ್ ಮ್ಯಾನೇಜ್‌ಮೆಂಟ್ ಹಾಕಿ, ಸಬ್‌ವೂಫರ್ ಅವುಗಳ ಜೊತೆ ಬೆರೆಯುವಂತೆ ಹೊಂದಿಸಿ. ಆಮೇಲೆ ಎಲ್‌ಎಫ್‌ಇ ದಾರಿಗೆ ಮಾತ್ರ 10 ಡೆಸಿಬೆಲ್ ಏರಿಸಿ. ಕೆಲವು ಮಾನಿಟರ್ ಕಂಟ್ರೋಲರ್‌ಗಳಲ್ಲಿ, ಸಬ್‌ವೂಫರ್‌ಗಳಲ್ಲಿ ಇದಕ್ಕೇ ಒಂದು ಸ್ವಿಚ್ ಇರುತ್ತದೆ. ಒಂದೇ ಕಡೆ ಹಾಕಿ. ಎರಡೂ ಕಡೆ ಹಾಕಿದರೆ 20 ಆಗುತ್ತದೆ.

ಅಳೆಯುವಾಗ ಸ್ಪೆಕ್ಟ್ರಮ್ ತೋರಿಸುವ ಸಾಫ್ಟ್‌ವೇರ್ ಬಳಸಿ. ಮಾಮೂಲಿ ಶಬ್ದಮಾಪಕ ಇಲ್ಲಿ ಪೂರ್ತಿ 10 ತೋರಿಸುವುದಿಲ್ಲ. ಎಲ್‌ಎಫ್‌ಇ ಹೊರುವುದು 120 ಹರ್ಟ್ಜ್‌ವರೆಗಿನ ಚಿಕ್ಕ ಪಟ್ಟಿಯನ್ನಷ್ಟೇ. ಮಾಪಕ ಲೆಕ್ಕ ಹಾಕುವುದು ಎಲ್ಲ ಸ್ವರಗಳ ಒಟ್ಟು ಮೊತ್ತವನ್ನು.

ನಾನು ಶುರುವಿನಲ್ಲಿ ಈ ಸ್ವಿಚ್ಚೇ ನೋಡಿರಲಿಲ್ಲ. ಬೇಸ್ ಕಮ್ಮಿ ಅನ್ನಿಸಿತು, ಎಲ್‌ಎಫ್‌ಇಯ ಮಟ್ಟ ಏರಿಳಿಸುವ ಫೇಡರ್ ಏರಿಸಿದೆ. ಗೆಳೆಯನ ಮನೆಯಲ್ಲಿ ಅದೇ ಮಿಕ್ಸ್ ಹಾಕಿದಾಗ ಶೋಕೇಸ್‌ನ ಗಾಜು ಗಿರಗಿರ ಅಂದಿತು. ಹಾಡಿನ ಸಾಹಿತ್ಯ ಒಂದಕ್ಷರ ಕೇಳಲಿಲ್ಲ.

ಎರಡನೇ ಹೆಜ್ಜೆ: ಎಲ್‌ಎಫ್‌ಇ ಮುಚ್ಚಿ ಮಿಕ್ಸ್ ಮುಗಿಸಿ

ಕಿಕ್, ಬೇಸ್, ಡೊಳ್ಳು, ಎಲ್ಲವೂ ಮುಖ್ಯ ಚಾನೆಲ್‌ಗಳಲ್ಲೇ ತೂಕವಾಗಿ ಕೂರಬೇಕು. ಕಾರಣ ಸರಳ. 5.1 ಮಿಕ್ಸ್ ಸ್ಟೀರಿಯೋಗೆ ಇಳಿಯುವಾಗ ಡಾಲ್ಬಿ ಡಿಜಿಟಲ್ ಡಿಕೋಡರ್ ಎಲ್‌ಎಫ್‌ಇಯನ್ನು ಎಸೆದೇ ಬಿಡುತ್ತದೆ. ಬೇಸ್ ಗಿಟಾರನ್ನು ಬರೀ ಎಲ್‌ಎಫ್‌ಇಯಲ್ಲಿ ಇಟ್ಟಿದ್ದರೆ ಟಿವಿಯಲ್ಲಿ ಕೇಳುವವರ ಪಾಲಿಗೆ ಅದನ್ನು ಯಾರೂ ನುಡಿಸಿಯೇ ಇಲ್ಲ.

ಮೂರನೇ ಹೆಜ್ಜೆ: ಈಗ ಆರಿಸಿ

ಎಲ್‌ಎಫ್‌ಇ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ, ಅನ್ನದ ಜಾಗದಲ್ಲಿ ಬಡಿಸುವಂಥದ್ದಲ್ಲ. ಹಾಡಿನುದ್ದಕ್ಕೂ ಬರುವ ಬೇಸ್ ಸಾಲನ್ನು ನಾನು ಕಳಿಸುವುದಿಲ್ಲ. ಚೈಕೋವ್‌ಸ್ಕಿಯ ‘1812’ರ ಕೊನೆಗೆ ಬರುವ ಫಿರಂಗಿ ಏಟುಗಳು ಈ ಚಾನೆಲ್‌ಗೆ ಹೇಳಿಮಾಡಿಸಿದವು. ನಮ್ಮ ಕಡೆಯದೇ ಬೇಕೆಂದರೆ, ಡೊಳ್ಳುಗಳೆಲ್ಲ ಒಟ್ಟಿಗೆ ಬೀಳುವ ಮುಕ್ತಾಯದ ಏಟು. ಆದರೆ ಏಟಿನ ಮೊನಚು, ಕೋಲು ಚರ್ಮಕ್ಕೆ ತಾಗುವ ‘ಟಕ್’, ಇರುವುದು ಮೇಲಿನ ಸ್ವರಗಳಲ್ಲಿ. ಅದು ಮುಖ್ಯ ಚಾನೆಲ್‌ಗಳ ಕೆಲಸ. ಎಲ್‌ಎಫ್‌ಇಗೆ ಹೋಗುವುದು ಹೊಟ್ಟೆಯೊಳಗಿನ ‘ಧುಂ’ ಮಾತ್ರ.

ಕಳಿಸಲು ಪ್ರತ್ಯೇಕ ಆಕ್ಸ್ ಸೆಂಡ್, ಅಂದರೆ ಸದ್ದಿನ ಒಂದು ಪ್ರತಿ ಹೋಗುವ ಪಕ್ಕದ ದಾರಿ, ಮಾಡಿಕೊಳ್ಳಿ. ಆ ದಾರಿಯಲ್ಲಿ 80 ಹರ್ಟ್ಜ್ ಆಸುಪಾಸಿನಲ್ಲಿ ಮೇಲಿನ ಸ್ವರಗಳನ್ನು ತಡೆಯುವ ಕಡಿದಾದ ಲೋ ಪಾಸ್ ಫಿಲ್ಟರ್ ಹಾಕಿ. ಕೊನೆಗೆ ಮಿಕ್ಸನ್ನು ಡಾಲ್ಬಿ ಡಿಜಿಟಲ್‌ಗೆ ಬದಲಿಸುವ ಎನ್‌ಕೋಡರ್ 120ರಲ್ಲಿ ಹೇಗೂ ಕತ್ತರಿಸುತ್ತದೆ. ಅದಕ್ಕೂ ಮೊದಲೇ ನೀವೇ ನಿಮ್ಮ ಕಿವಿಗೆ ಒಪ್ಪುವಂತೆ ಕತ್ತರಿಸುವುದು ಒಳ್ಳೆಯದು ಅಲ್ವಾ.

ನಾಲ್ಕನೇ ಹೆಜ್ಜೆ: ಲೆಕ್ಕ

ಅದೇ ಡೊಳ್ಳು ಮುಖ್ಯ ಚಾನೆಲ್‌ನಲ್ಲೂ ಇದೆ, ಎಲ್‌ಎಫ್‌ಇಯಲ್ಲೂ ಇದೆ. ಮನೆಯಲ್ಲಿ ಎರಡೂ ಸೇರುವುದು ಒಂದೇ ಸಬ್‌ವೂಫರ್‌ನಲ್ಲಿ. ಸೆಂಡ್ ಅನ್ನು ಮುಖ್ಯ ಚಾನೆಲ್‌ಗಿಂತ 10 ಡೆಸಿಬೆಲ್ ಕೆಳಗಿಟ್ಟರೆ, ಆ 10ರ ಏರಿಕೆ ಸೇರಿ, ಎರಡೂ ಸಮಬಲ. ತಗ್ಗು ಸದ್ದು ಒಟ್ಟು 6 ಡೆಸಿಬೆಲ್ ಏರುತ್ತದೆ. 20 ಕೆಳಗಿಟ್ಟರೆ ಏರುವುದು ಸುಮಾರು ಎರಡೂವರೆ. ಸಮಸಮ ಇಟ್ಟರೋ, 12ಕ್ಕಿಂತ ಜಾಸ್ತಿ! ನಾನು ಮೈನಸ್ 20ರಿಂದ ಶುರುಮಾಡಿ ನಿಧಾನಕ್ಕೆ ಏರಿಸುತ್ತೇನೆ.

ಈ ಲೆಕ್ಕವೆಲ್ಲ ಎರಡು ಅಲೆಗಳೂ ಜೊತೆಯಾಗಿ ಏರಿಳಿದರೆ ಮಾತ್ರ. ಫಿಲ್ಟರ್ ಸದ್ದನ್ನು ಚೂರು ತಡಮಾಡುತ್ತದೆ. ಒಂದು ಅಲೆ ಏರುವಾಗ ಇನ್ನೊಂದು ಇಳಿದರೆ ಎರಡೂ ಹೊಡೆದಾಡಿಕೊಂಡು ಸಾಯುತ್ತವೆ. ಸಮಬಲದಲ್ಲಿದ್ದು ಪೂರ್ತಿ ತಿರುವುಮುರುವಾದರಂತೂ ಸದ್ದೇ ಇಲ್ಲ. ಎಲ್‌ಎಫ್‌ಇ ಹಾಕಿದ ಮೇಲೆ ಬೇಸ್ ಕಮ್ಮಿಯಾಯಿತು ಅಂದರೆ ಇದೇ ಕಾಯಿಲೆ. ಫೇಡರ್ ಏರಿಸಬೇಡಿ. ಸೆಂಡ್‌ನ ಪೋಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ನೋಡಿ, ಇಲ್ಲವೇ ಟ್ರ್ಯಾಕನ್ನು ಕೆಲವು ಮಿಲಿಸೆಕೆಂಡ್ ಸರಿಸಿ. ಬೇಸ್ ಮ್ಯಾನೇಜ್‌ಮೆಂಟ್ ಇಲ್ಲದ ಸ್ಟುಡಿಯೋದಲ್ಲಿ ಈ ತೊಂದರೆ ಗೊತ್ತಾಗದೆಯೂ ಹೋಗಬಹುದು.

ಐದನೇ ಹೆಜ್ಜೆ: ಮುಚ್ಚಿ ತೆಗೆದು ಕೇಳಿ

ಎಲ್‌ಎಫ್‌ಇ ಮ್ಯೂಟ್ ಮಾಡಿದಾಗ ಹಾಡು ಕುಸಿದರೆ ಎರಡನೇ ಹೆಜ್ಜೆಗೆ ವಾಪಸ್. ಸ್ಟೀರಿಯೋಗೆ ಇಳಿಸಿಯೂ ಕೇಳಿ. ಲೌಡ್‌ನೆಸ್ ಮೀಟರ್ ನಂಬಿ ಕೂರಬೇಡಿ. ಆ ಮೀಟರ್‌ಗಳು ಪಾಲಿಸುವ ಬಿಎಸ್ 1770 ಎಂಬ ಮಾನದಂಡದ ಲೆಕ್ಕದಲ್ಲಿ ಎಲ್‌ಎಫ್‌ಇ ಸೇರುವುದೇ ಇಲ್ಲ. ಮನೆ ಅದುರುತ್ತಿದ್ದರೂ ಮೀಟರ್ ಎಲ್ಲ ಸರಿ ಇದೆ ಅನ್ನುತ್ತದೆ. ಕೋಣೆಯಲ್ಲಿ ಎದ್ದು ಎರಡು ಹೆಜ್ಜೆ ಆಚೀಚೆ ಹೋಗಿಯೂ ಕೇಳಿ. 40 ಹರ್ಟ್ಜ್ ಅಲೆಯ ಉದ್ದ ಎಂಟೂವರೆ ಮೀಟರ್. ಸಣ್ಣ ಕೋಣೆಯಲ್ಲಿ ಒಂದು ಕುರ್ಚಿಗೆ ಸಿಕ್ಕ ಬೇಸ್ ಪಕ್ಕದ ಕುರ್ಚಿಗೆ ಸಿಗುವುದಿಲ್ಲ.

ಕೊನೆಗೆ ಫೈಲ್

ಆರು ಚಾನೆಲ್‌ಗಳ ಸಾಲು ಎಲ್ಲ ಕಡೆ ಒಂದೇ ಥರ ಇಲ್ಲ. ಒಂದು ಪದ್ಧತಿಯಲ್ಲಿ ಎಡ, ಬಲ, ನಡು, ಎಲ್‌ಎಫ್‌ಇ, ಆಮೇಲೆ ಹಿಂದಿನ ಎರಡು. ಸಿನಿಮಾದವರದ್ದು ಎಡ, ನಡು, ಬಲ, ಹಿಂದಿನ ಎರಡು, ಕೊನೆಗೆ ಎಲ್‌ಎಫ್‌ಇ. ಸಿನಿಮಾದವರ ಸಾಲನ್ನು ಮೊದಲನೆಯದೆಂದು ತಿಳಿದು ಓದಿದರೆ ನಡುವಿದ್ದ ಗಾಯಕಿ ಬಲಗಡೆ ಸ್ಪೀಕರ್ ಸೇರುತ್ತಾರೆ, ಹಿಂದಿನ ಎಡ ಚಾನೆಲ್ ಸಬ್‌ವೂಫರ್‌ಗೆ ಹೋಗುತ್ತದೆ, ನಿಮ್ಮ ಡೊಳ್ಳಿನ ‘ಧುಂ’ ಹಿಂದಿನ ಬಲ ಮೂಲೆಯಲ್ಲಿ ಕೆಮ್ಮುತ್ತದೆ. ಫೈಲ್ ಜೊತೆ ಒಂದು ಚೀಟಿ ಇಡಿ: ಚಾನೆಲ್‌ಗಳ ಸಾಲು ಯಾವುದು, ಫಿಲ್ಟರ್ ಎಷ್ಟು ಹರ್ಟ್ಜ್‌ಗೆ, ಮಿಕ್ಸ್ ಮಾಡುವಾಗ ಎಲ್‌ಎಫ್‌ಇಗೆ ಆ 10 ಡೆಸಿಬೆಲ್ ಇತ್ತೋ ಇಲ್ಲವೋ.