ಬೇಸ್ ನುಂಗುತ್ತಿದ್ದದ್ದು ಗೋಡೆ

ಬೇಸ್ ಗಿಟಾರ್‌ನ ಕೆಲವು ಸ್ವರ ಮಾತ್ರ ನನ್ನ ಸ್ಪೀಕರ್‌ನಲ್ಲಿ ಕೇಳುತ್ತಲೇ ಇರಲಿಲ್ಲ. ಒಂದೇ ಸ್ವರ ನುಡಿಸುವ ಟೋನ್ ಜನರೇಟರ್ ಹಾಕಿ, ಸ್ವರದ ಆವರ್ತನವನ್ನು ಮೆಲ್ಲಗೆ ಏರಿಸುತ್ತಾ ಹೋದೆ. 100 ಹರ್ಟ್ಸ್ ಹತ್ತಿರ ಸದ್ದು ಕುಸಿಯಿತು. ಆದರೆ ಸ್ಪೀಕರಿನ ಕೋನ್ (ನಡುಗಿ ಸದ್ದು ಮಾಡುವ ಭಾಗ) ಮೇಲೆ ಬೆರಳಿಟ್ಟರೆ ಅದು ಚೆನ್ನಾಗಿಯೇ ನಡುಗುತ್ತಿತ್ತು! ಅಂದರೆ ಸ್ಪೀಕರ್ ಸರಿಯಾಗಿದೆ, ಅಲ್ವಾ?

ಟೇಪ್ ಹಿಡಿದೆ. ಕೋನ್‌ನಿಂದ ಹಿಂದಿನ ಗೋಡೆಗೆ 85 ಸೆಂ.ಮೀ. ಗೋಡೆಗೆ ಬಡಿದು ಬರುವ ಸದ್ದು ನೇರ ಬರುವ ಸದ್ದಿಗಿಂತ 1.7 ಮೀಟರ್ ಜಾಸ್ತಿ ಓಡುತ್ತದೆ. 100 ಹರ್ಟ್ಸ್ ಅಲೆಯ ಉದ್ದ ಸುಮಾರು 3.4 ಮೀಟರ್. ಸರಿಯಾಗಿ ಅದರ ಅರ್ಧ! ನೇರ ಸದ್ದು ಗಾಳಿಯನ್ನು ತಳ್ಳುವಾಗ ಗೋಡೆಯಿಂದ ಬಂದದ್ದು ಎಳೆಯುತ್ತದೆ, ಎರಡೂ ಒಂದನ್ನೊಂದು ಅಳಿಸುತ್ತವೆ. ಈಕ್ವಲೈಜರ್‌ನಲ್ಲಿ (ಬೇಕಾದ ಆವರ್ತನದ ಸದ್ದನ್ನಷ್ಟೇ ಏರಿಳಿಸುವ ಸಾಧನ) ಏರಿಸಿದರೆ ಎರಡೂ ಒಟ್ಟಿಗೇ ಏರುತ್ತವೆ, ಸುಮ್ನೆ ದಂಡ.

ಸ್ಪೀಕರನ್ನು ಹಿಂದಕ್ಕೆ ಸರಿಸಿ ಅಂತರ 25 ಸೆಂ.ಮೀ. ಮಾಡಿದೆ. ಸದ್ದು ಕುಸಿಯುವ ಜಾಗ 340 ಹರ್ಟ್ಸ್ ಆಸುಪಾಸಿಗೆ ಹೋಯಿತು. ಅದಕ್ಕೆ ಗೋಡೆಯ ಮೇಲೆ ಸದ್ದು ಹೀರುವ ದಪ್ಪ ಗ್ಲಾಸ್‌ವೂಲ್ (ಗಾಜಿನ ನಾರು) ಪ್ಯಾನೆಲ್ ಸಾಕಾಯಿತು. ಗೋಡೆ ಹತ್ತಿರವಾದ್ದರಿಂದ ಬೇಸ್ ಸ್ವಲ್ಪ ಜಾಸ್ತಿಯಾಯಿತು. ಅದನ್ನು ಈಕ್ವಲೈಜರ್‌ನಲ್ಲೇ ಇಳಿಸಿದೆ.