ಗದ್ದೆ ಬದುವಿನಿಂದ ಎಂಟಿಬಿ ರೇಸಿಗೆ

ಚಾಮುಂಡಿ ಬೆಟ್ಟ ಹತ್ತೋದು ಬಂದರೆ ಸೈಕಲ್ ರೇಸ್ ಬಂದ ಹಾಗೆ ಅಂತ ನಾನು ನಂಬಿದ್ದೆ. ಮೈಸೂರಿನ ಸೈಕಲ್ ಹುಚ್ಚರಿಗೆಲ್ಲ ಇರುವ ನಂಬಿಕೆ ಅದು. ಬೆಳಗಿನ ಜಾವ ತಾವರೆಕಟ್ಟೆ ಹತ್ತಿರ ನಿಂತು ನೋಡಿ, ಒಬ್ಬರ ಹಿಂದೆ ಒಬ್ಬರು ಕೆಂಪು ದೀಪ ಮಿನುಗಿಸಿಕೊಂಡು ಹತ್ತುತ್ತಿರುತ್ತಾರೆ. ಮೇಲೆ ಹೋಗಿ ಮಹಿಷಾಸುರನ ಮುಂದೆ ಒಂದು ಫೋಟೋ, ಇಳಿದು ಬಂದು ಇಡ್ಲಿ. ನಾನೂ ಎರಡು ವರ್ಷ ಹಾಗೇ ಮಾಡಿದೆ. ಕಾಲು ಗಟ್ಟಿಯಾಯಿತು, ಹೊಟ್ಟೆ ಇಳಿಯಿತು, ಜೊತೆಗೆ ಸ್ವಲ್ಪ ಕೊಬ್ಬೂ ಬಂತು. ಹೋಗಿ ಮೌಂಟೇನ್ ಬೈಕ್, ಅಂದರೆ ಎಂಟಿಬಿ ರೇಸಿಗೆ ಹೆಸರು ಕೊಟ್ಟೆ. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ನನ್ನನ್ನು ಟ್ರ್ಯಾಕಿನಿಂದ ಹೊರಗೆ ಕಳಿಸಿದರು.

ಸೈಕಲ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಎಲ್ಲರೂ ಮೊದಲು ಕೇಳೋದು ಅದನ್ನೇ. ನನ್ನದು ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ಹಾರ್ಡ್‌ಟೇಲ್. ಅಂದರೆ ಮುಂದೆ ಮಾತ್ರ ಶಾಕ್, ಹಿಂದೆ ಇಲ್ಲ. 29 ಇಂಚಿನ ಗಾಲಿ, ಮುಂದೆ 100 ಮಿಲಿಮೀಟರ್ ಕುಗ್ಗುವ ಶಾಕ್, ಹೈಡ್ರಾಲಿಕ್ ಡಿಸ್ಕ್ ಬ್ರೇಕ್. 32 ಸಾವಿರ ಕೊಟ್ಟೆ. ಮೊದಲ ರೇಸಿಗೆ ಇದಕ್ಕಿಂತ ಜಾಸ್ತಿ ಬೇಕಿಲ್ಲ. ದುಡ್ಡು ಉಳಿದರೆ ಒಳ್ಳೆ ಹೆಲ್ಮೆಟ್, ಒಳ್ಳೆ ಟೈರ್ ತಗೊಳ್ಳಿ. ಅರ್ಧ ಕೆಜಿ ತೂಕ ಇಳಿಸೋಕೆ ಸೈಕಲ್ ಮೇಲೆ ಹತ್ತು ಸಾವಿರ ಸುರಿಯುವವರನ್ನು ನೋಡಿದ್ದೇನೆ. ಮೈಸೂರ್ ಪಾಕ್ ಒಂದು ತಿಂಗಳು ಬಿಟ್ಟರೆ ಅಷ್ಟು ತೂಕ ಪುಕ್ಕಟೆ ಇಳಿಯುತ್ತೆ.

ನಾನು ಸೈಕಲ್ ಓಡಿಸಿದ್ದು ಕ್ರಾಸ್ ಕಂಟ್ರಿ ಅನ್ನೋ ಥರದ ಎಂಟಿಬಿ ರೇಸಿನಲ್ಲಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದ ಒಲಿಂಪಿಕ್ಸ್‌ನಲ್ಲೂ ಇರುವ ಆಟ. ನಾಲ್ಕರಿಂದ ಆರು ಕಿಲೋಮೀಟರ್‌ನ ಒಂದು ಸುತ್ತು, ಅದನ್ನೇ ಮತ್ತೆ ಮತ್ತೆ ಹೊಡೆಯಬೇಕು. ದೊಡ್ಡ ಮಟ್ಟದ ರೇಸಿನವರು ಒಂದೂವರೆ ಗಂಟೆಯ ಆಸುಪಾಸು ಓಡಿಸುತ್ತಾರೆ. ನಮ್ಮಂಥ ಹೊಸಬರಿಗೆ ಮೂರು ಸುತ್ತು ಇತ್ತು.

ಆ ದಿನ ಹೀಗಾಯಿತು. ಬೆಂಗಳೂರಿನ ಹೊರಗೆ ಒಂದು ನೀಲಗಿರಿ ತೋಪು. ನಾನು ಬೆಟ್ಟದ ಡಾಂಬರಿಗೆ ತುಂಬುವ ಹಾಗೇ ಟೈರಿಗೆ 45 ಪಿಎಸ್‌ಐ ಗಾಳಿ ತುಂಬಿಕೊಂಡು ಹೋಗಿದ್ದೆ. ಟ್ರ್ಯಾಕನ್ನು ಹಿಂದಿನ ದಿನವೇ ಒಂದು ಸುತ್ತು ನೋಡಿಕೊಳ್ಳಬೇಕು ಅಂತ ಗೊತ್ತಿರಲಿಲ್ಲ. ಸೀಟಿ ಊದಿದ ಕೂಡಲೇ ಎಲ್ಲರೂ ಹುಚ್ಚು ಹಿಡಿದವರ ಹಾಗೆ ನುಗ್ಗಿದರು. ಯಾಕೆ ಅಂದರೆ ಇನ್ನೂರು ಮೀಟರ್ ಆದ ಮೇಲೆ ದಾರಿ ಒಂದೇ ಸೈಕಲ್ ಹೋಗುವಷ್ಟು ಕಿರಿದಾಗುತ್ತದೆ. ಅಲ್ಲಿಗೆ ಮೊದಲು ಹೋದವನು ಮುಂದೆ, ಉಳಿದವರೆಲ್ಲ ಕ್ಯೂ. ನಾನೂ ನುಗ್ಗಿದೆ. ವಾಚಿನಲ್ಲಿ ಹಾರ್ಟ್ ರೇಟ್ 188 ತೋರಿಸುತ್ತಿತ್ತು. ಏರಿನಲ್ಲಿ ನಾಲ್ಕು ಜನರನ್ನು ಹಿಂದೆ ಹಾಕಿದೆ. ಬೆಟ್ಟದ ಪುಣ್ಯ.

ಇಳಿಜಾರು ಬಂತು. ಗರಸು ಮಣ್ಣು, ಬಲಕ್ಕೊಂದು ತಿರುವು, ತಿರುವಿನಲ್ಲಿ ಒಂದು ನೀಲಗಿರಿ ಬೇರು. ನಾನು ಬೇರನ್ನೇ ನೋಡುತ್ತಾ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದೆ. ಕಲ್ಲಿನ ಹಾಗೆ ಬಿಗಿದಿದ್ದ ಟೈರು ಗರಸಿನ ಮೇಲೆ ಗೋಲಿ ಹಾಗೆ ಜಾರಿತು. ಬಲಕ್ಕೆ ಬಿದ್ದೆ. ಮಂಡಿ ತರಚಿತು, ಅದೇನು ದೊಡ್ಡದಲ್ಲ. ಎದ್ದು ಹೊರಟರೆ ಹಿಂದಿನ ಗಾಲಿಯಿಂದ ಕಟಕಟ ಸದ್ದು. ಚೈನು ಒಂದು ಗೇರಿನಲ್ಲಿ ನಿಲ್ಲದು. ನಾಲ್ಕು ಸಲ ಇಳಿದು ನೋಡಿದೆ, ಏನೂ ತಿಳಿಯಲಿಲ್ಲ. ನಾನು ಹಿಂದಕ್ಕೆ ಹಾಕಿದ್ದ ನಾಲ್ಕೂ ಜನ ಮುಂದೆ ಹೋದರು. ಅವರ ಹಿಂದಿನವರೂ ಹೋದರು.

ಕ್ರಾಸ್ ಕಂಟ್ರಿಯಲ್ಲಿ 80 ಪರ್ಸೆಂಟ್ ಅಂತ ಒಂದು ನಿಯಮ ಇದೆ. ಮೊದಲನೆಯವನು ತನ್ನ ಮೊದಲ ಸುತ್ತನ್ನು 15 ನಿಮಿಷದಲ್ಲಿ ಮುಗಿಸಿದ ಅಂತಿಟ್ಟುಕೊಳ್ಳಿ. ಅದರ 80 ಪರ್ಸೆಂಟ್, ಅಂದರೆ 12 ನಿಮಿಷ ಅವನಿಗಿಂತ ಹಿಂದೆ ಬಿದ್ದರೆ ನಿಮ್ಮನ್ನು ಎತ್ತಿಬಿಡುತ್ತಾರೆ. ಮುಂದಿರುವವರಿಗೆ ದಾರಿ ಅಡ್ಡ ಆಗಬಾರದಲ್ಲ, ಅದಕ್ಕೆ. ಬಾವುಟ ಹಿಡಿದವರು ಕೈ ಅಡ್ಡ ಹಾಕಿದಾಗ ನನಗೆ ಸಿಟ್ಟು ಬರಲಿಲ್ಲ. ನಿಜ ಹೇಳಬೇಕು ಅಂದರೆ ಖುಷಿಯೇ ಆಯಿತು.

ಮರದ ಕೆಳಗೆ ಕೂತಿದ್ದಾಗ ಹದಿನಾರರ ಹುಡುಗ ಒಬ್ಬ ಬಂದ. ವಿಜಯಪುರದ ಕಡೆಯವನು. ವಿಜಯಪುರ, ಬಾಗಲಕೋಟೆ ಹುಡುಗರು ಸೈಕಲ್ಲಿನ ಜೊತೆಗೇ ಬೆಳೆದವರು, ನಮ್ಮ ಹಾಗೆ ಮೂವತ್ತು ದಾಟಿದ ಮೇಲೆ ಹತ್ತಿದವರಲ್ಲ. ಅವನು ಹಿಂದಿನಿಂದ ಬಗ್ಗಿ ನೋಡಿ ಹೇಳಿದ: "ಅಣ್ಣಾರ, ಹ್ಯಾಂಗರ್ ಬಾಗೈತ್ರಿ." ಟೈರು ಒತ್ತಿ ನಕ್ಕ. "ಗಾಳೀನೂ ಭಾಳ ತುಂಬೀರಿ."

ಹ್ಯಾಂಗರ್ ಅನ್ನೋ ಪದ ನಾನು ಕೇಳಿದ್ದೇ ಅವತ್ತು. ಹಿಂದೆ ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಕಿರುಬೆರಳಷ್ಟು ದೊಡ್ಡ ತುಂಡು. ಬೇಕು ಅಂತಲೇ ಮೆತ್ತಗಿನ ಲೋಹದಲ್ಲಿ ಮಾಡಿರುತ್ತಾರೆ. ಬಿದ್ದಾಗ ಫ್ರೇಮು ಮುರಿಯೋ ಬದಲು ಇದು ಬಾಗಲಿ ಅಂತ. ತೊಂದರೆ ಏನೆಂದರೆ ಒಂದೊಂದು ಸೈಕಲ್ಲಿಗೆ ಒಂದೊಂದು ಥರದ್ದು, ಅಂಗಡಿಗೆ ಹೋಗಿ ಕೇಳಿದ ತಕ್ಷಣ ಸಿಗದು. ಇವತ್ತು ನನ್ನ ಜೇಬಿನಲ್ಲಿ ಬಾಳೆಹಣ್ಣು ಇಲ್ಲದಿದ್ದರೂ ಸ್ಪೇರ್ ಹ್ಯಾಂಗರ್ ಇರುತ್ತದೆ.

ಮನೆಗೆ ಬಂದು ಯೋಚನೆ ಮಾಡಿದೆ. ಕಾಲಿನಲ್ಲಿ ಶಕ್ತಿ ಇದೆ, ಆದರೆ ಮಣ್ಣಿನ ಮೇಲೆ ಸೈಕಲ್ ಬಿಡೋಕೆ ಬರೋದಿಲ್ಲ. ಎಲ್ಲಿ ಕಲಿಯೋದು? ಚಾಮುಂಡಿ ಬೆಟ್ಟದ ಇಳಿಜಾರೆಲ್ಲ ಮೀಸಲು ಅರಣ್ಯ, ಚಿರತೆಗಳೂ ಇವೆ. ಕದ್ದು ನುಗ್ಗುವವರು ಇದ್ದಾರೆ, ನಾನು ಆ ಗುಂಪಲ್ಲ. ಆಗ ನೆನಪಾದದ್ದು ಪಾಂಡವಪುರದ ಹತ್ತಿರದ ನಮ್ಮೂರು. ವಿಶ್ವೇಶ್ವರಯ್ಯ ನಾಲೆ, ನಾಲೆ ಏರಿ ಮೇಲಿನ ಮಣ್ಣು ದಾರಿ, ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಬಿದ್ದ ಮೊಣಕಾಲುದ್ದದ ಗಾಲಿ ಜಾಡು. ದುಡ್ಡು ಕೊಟ್ಟರೂ ಇಂಥ ಟ್ರ್ಯಾಕ್ ಸಿಗೋದಿಲ್ಲ. ಪ್ರತಿ ಭಾನುವಾರ ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಊರಿಗೆ ಹೊರಟೆ.

ಗದ್ದೆ ಬದುವಿನಿಂದ ಶುರು ಮಾಡಿದೆ. ಒಂದಡಿ ಅಗಲ, ಎರಡು ಕಡೆಯೂ ಕೆಸರು. ಐದು ಮಾರು ಹೋಗುವಷ್ಟರಲ್ಲಿ ಮುಂದಿನ ಗಾಲಿ ಗದ್ದೆಗೆ ಇಳಿಯುತ್ತಿತ್ತು. ಮೂರನೇ ಸಲ ಬಿದ್ದಾಗ ಬದು ಕುಸಿದು ನಮ್ಮ ಗದ್ದೆ ನೀರು ಪಕ್ಕದವರ ಗದ್ದೆಗೆ ಹರಿಯಿತು. ಪಕ್ಕದವರೇನೋ ಖುಷಿಯಾಗಿದ್ದರು. ಅಪ್ಪ ಗುದ್ದಲಿ ಹಿಡಿದು ಬಂದವರು ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ಕೇಳಿದರು, "ನೀನು ಗಾಲಿ ಯಾಕೆ ನೋಡ್ತೀಯ? ಉಳುವಾಗ ನಾವು ಗುಳ ನೋಡ್ತೀವಾ? ಎದುರು ಬದು ನೋಡ್ತೀವಿ. ಸಾಲು ತಾನೇ ನೆಟ್ಟಗೆ ಬರುತ್ತೆ."

ಅಪ್ಪ ಸೈಕಲ್ ಮುಟ್ಟಿ ಇಪ್ಪತ್ತು ವರ್ಷ ಆಗಿತ್ತು. ಆದರೂ ಅವತ್ತೇ ಕೊನೆಯ ತೆಂಗಿನ ಮರದ ಮೇಲೆ ಕಣ್ಣಿಟ್ಟು ಇಡೀ ಬದು ದಾಟಿದೆ. ಆ ಬೇರನ್ನು ದಿಟ್ಟಿಸಿದ್ದಕ್ಕೇ ನಾನು ಬೇರಿನ ಮೇಲೆ ಹೋಗಿದ್ದು. ಕಣ್ಣು ಹೋದ ಕಡೆ ತಲೆ, ತಲೆ ಹೋದ ಕಡೆ ಭುಜ, ಭುಜ ಹೋದ ಕಡೆ ಹ್ಯಾಂಡಲ್.

ಬ್ರೇಕ್ ಕಲಿಯೋಕೆ ಜಾಸ್ತಿ ದಿನ ಹಿಡಿಯಿತು. ನಾಲೆ ಏರಿಯಿಂದ ಕೆಳಕ್ಕೆ ಇಳಿಯುವ ಬಂಡಿ ದಾರಿಯಲ್ಲಿ ನೂರಾರು ಸಲ ಇಳಿದಿರಬೇಕು. ಲಿವರ್ ಮೇಲೆ ಒಂದೇ ಬೆರಳು, ಉಳಿದ ಬೆರಳೆಲ್ಲ ಹಿಡಿಗೆ. ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು, ತಿರುವಿನೊಳಗೆ ಬ್ರೇಕ್ ಬಿಡಬೇಕು. ಮುಂದಿನ ಬ್ರೇಕ್ ಹಿಡಿದರೆ ತಲೆಕೆಳಗಾಗುತ್ತೇವೆ ಅಂತ ಚಿಕ್ಕಂದಿನಿಂದ ಹೆದರಿಸಿದ್ದಾರಲ್ಲ, ಅದನ್ನು ಮರೆಯೋಕೆ ಒಂದು ತಿಂಗಳು ಬೇಕಾಯಿತು. ಸೈಕಲ್ ನಿಲ್ಲಿಸುವ ಶಕ್ತಿ ಹೆಚ್ಚಾಗಿ ಇರೋದೇ ಅದರಲ್ಲಿ. ಪೆಡಲ್ ಎರಡೂ ಸಮ, ಸೀಟಿನಿಂದ ಎದ್ದು ಸೊಂಟ ಹಿಂದಕ್ಕೆ, ಹಿಮ್ಮಡಿ ಕೆಳಕ್ಕೆ. ಮೆಲ್ಲಗೆ ಒತ್ತುತ್ತಾ ಹೋದರೆ ತಲೆಕೆಳಗಾಗುವ ಮಾತೇ ಇಲ್ಲ.

ಗಾಳಿಯ ವಿಷಯ. ನನ್ನ ತೂಕ 72 ಕೆಜಿ. ಗಾಳಿ ಇಳಿಸುತ್ತಾ ಇಳಿಸುತ್ತಾ ಮುಂದೆ 24, ಹಿಂದೆ 27 ಪಿಎಸ್‌ಐಗೆ ಬಂದು ನಿಂತೆ. ಟ್ಯೂಬ್ ಇರುವಾಗ ಇಷ್ಟು ಇಳಿಸಿದರೆ ಕಲ್ಲಿಗೆ ಬಡಿದು, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ಎರಡು ಟ್ಯೂಬ್ ಹಾಳಾದ ಮೇಲೆ ಟ್ಯೂಬ್‌ಲೆಸ್ ಮಾಡಿಸಿ, ಸಣ್ಣ ತೂತನ್ನು ತಾನೇ ಮುಚ್ಚುವ ಸೀಲೆಂಟ್ ದ್ರವ ಹಾಕಿಸಿದೆ. ನಮ್ಮ ಕಡೆ ಜಾಲಿ ಮುಳ್ಳಿಗೂ ಅದೇ ಮದ್ದು.

ಬೆಟ್ಟವನ್ನು ಬಿಡಲಿಲ್ಲ. ಈಗ ಮೇಲೆ ತಲುಪುವ ಆತುರ ಇಲ್ಲ. ನಾಲ್ಕು ನಿಮಿಷ ಉಸಿರು ಕಟ್ಟುವಷ್ಟು ತುಳಿದು ಮೂರು ನಿಮಿಷ ಸುಧಾರಿಸಿಕೊಳ್ಳೋದು, ಹೀಗೆ ನಾಲ್ಕು ಸಲ. ಊಟದ್ದು ದೊಡ್ಡ ಶಾಸ್ತ್ರವೇನಲ್ಲ. ಹಿಂದಿನ ರಾತ್ರಿ ಮುದ್ದೆ ಸೊಪ್ಪುಸಾರು, ಬೆಳಗ್ಗೆ ರೇಸಿಗೆ ಮೂರು ಗಂಟೆ ಮುಂಚೆ ಇಡ್ಲಿ. ಬಾಟಲಿಯಲ್ಲಿ ಮಂಡ್ಯದ ಬೆಲ್ಲ, ನಿಂಬೆ, ಉಪ್ಪು. ಕಡಲೆ ಮಿಠಾಯಿ ಮಾತ್ರ ಬೇಡ. ಏರಿನಲ್ಲಿ ಒಣಗಿದ ಬಾಯಿಗೆ ಹಾಕಿಕೊಂಡು ನೋಡಿ, ಆಮೇಲೆ ಹೇಳಿ.

ಏಳು ತಿಂಗಳ ನಂತರ ಮತ್ತೆ ಅದೇ ತೋಪು. ಹಿಂದಿನ ದಿನವೇ ಹೋಗಿ ಟ್ರ್ಯಾಕನ್ನು ನಡೆದು ನೋಡಿದೆ, ಆಮೇಲೆ ಎರಡು ಸುತ್ತು ನಿಧಾನಕ್ಕೆ ಓಡಿಸಿದೆ. ಸೀಟಿ ಊದಿದಾಗ ನುಗ್ಗಲಿಲ್ಲ, ಹಿಂದೆ ಉಳಿದೆ. ಮೊದಲ ಏರಿನಲ್ಲಿ ಎಷ್ಟೊಂದು ಜನ ದಾಟಿ ಹೋದರು, ಹೊಟ್ಟೆ ಉರಿಯಿತು. ಎರಡನೇ ಸುತ್ತಿನಲ್ಲಿ ಅವರೇ ಒಬ್ಬೊಬ್ಬರಾಗಿ ಏದುಸಿರು ಬಿಡುತ್ತಾ ಸಿಕ್ಕಿದರು. ಬಲ ತಿರುವಿಗೆ ಬಂದಾಗ ಮುಂದಿದ್ದವನು ಬೇರು ನೋಡಿ ಎರಡೂ ಬ್ರೇಕ್ ಹಿಡಿದ. ಅವನ ಹಿಂದಿನ ಗಾಲಿ ಜಾರೋದು ಕಾಣಿಸಿತು. ನಾನು ತಿರುವಿನ ಆಚೆ ಕೊನೆಯಲ್ಲಿ ಕಟ್ಟಿದ್ದ ಹಳದಿ ಟೇಪು ನೋಡುತ್ತಾ ಒಳಗಡೆಯಿಂದ ದಾಟಿದೆ.

27 ಜನರಲ್ಲಿ 19ನೆಯವನಾದೆ. ಸಂಜೆ ಅಪ್ಪನಿಗೆ ಫೋನ್ ಮಾಡಿದೆ.

"ಎಷ್ಟನೇಯವನು?"

"ಹತ್ತೊಂಬತ್ತು."

"ಬಿದ್ದಾ?"

"ಇಲ್ಲ."

"ಸರಿ. ಭಾನುವಾರ ಬೇಗ ಬಾ. ಮುರಿದಿದ್ದೀಯಲ್ಲ, ಆ ಬದು ಕಟ್ಟಬೇಕು."