ಅನ್ನನಾಳದ ಆಪರೇಷನ್ ಆದಮೇಲೆ ತೂಕ ಏರಿಸಿದ್ದು: ನನ್ನ ಅನುಭವ

ಆಪರೇಷನ್ ಆಗಿ ಒಂದೂವರೆ ವರ್ಷ ಆಯ್ತು. ಅನ್ನನಾಳ ತೆಗೆದು, ಹೊಟ್ಟೆಯನ್ನೇ ಕೊಳವೆ ಮಾಡಿ ಕತ್ತಿನವರೆಗೆ ಎಳೆದು ಹೊಲಿಯುವ ಆಪರೇಷನ್. ಅನುಭವಿಸಿದವರಿಗೆ ಅದನ್ನು ವಿವರಿಸಬೇಕಿಲ್ಲ. ಆಮೇಲೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಆಗಿದ್ದನ್ನು ಬರೆಯುತ್ತೇನೆ.

ಏಳನೇ ದಿನ ಕತ್ತಿನ ಹೊಲಿಗೆಯಿಂದ ಜೊಲ್ಲು ಸೋರಿತು. ಲೀಕ್. ಹೊಲಿಗೆ ಬಿಚ್ಚಿ ದಿನಾ ಡ್ರೆಸ್ಸಿಂಗ್, ಬಾಯಿಗೆ ನೀರೂ ಇಲ್ಲ, ಹೊಟ್ಟೆ ಪಕ್ಕದ ಪೈಪಿನಲ್ಲೇ ಊಟ. ಎದೆಯೊಳಗೆ ಸೋರಿದ್ದರೆ ಕತೆಯೇ ಬೇರೆ ಇತ್ತು. ನನ್ನದು ಮೂರು ವಾರಕ್ಕೆ ತಾನೇ ಮುಚ್ಚಿತು.

ಪೈಪಿಗೆ ಹಾಕುವ ಪುಡಿ ಡಬ್ಬಿಗೆ ಎಂಟುನೂರರ ಮೇಲೆ, ಮೂರು ದಿನಕ್ಕೆ ಖಾಲಿ. ಒಟ್ಟು ಖರ್ಚು ಐದಾರು ಲಕ್ಷ ದಾಟಿತು, ಒಂದು ವರ್ಷದ ಅಡಿಕೆ ಅದಕ್ಕೇ ಹೋಯ್ತು. ಡಯಟಿಷಿಯನ್ ಕೇಳಿ ಅರ್ಧ ಪುಡಿ, ಅರ್ಧ ಮನೆ ಗಂಜಿ ಮಾಡಿದೆವು. ಮೊದಲ ವಾರವೇ ರಾಗಿ ಅಂಬಲಿ ಪೈಪಿನಲ್ಲಿ ಕಟ್ಟಿಕೊಂಡಿತು. ಬೆಚ್ಚಗಿನ ನೀರನ್ನು ಸಿರಿಂಜಿನಲ್ಲಿ ಮೆಲ್ಲಗೆ ಬಿಟ್ಟು, ಎಳೆದು ಅರ್ಧ ಗಂಟೆ ಒದ್ದಾಡಿದ್ದಾಯ್ತು. ಒತ್ತಿ ತಳ್ಳಬೇಡಿ. ಪೈಪ್ ಒಡೆದರೆ ಆಸ್ಪತ್ರೆಗೆ ಮತ್ತೆ ಘಟ್ಟ ಇಳಿಯಬೇಕು.

ಬಾಯಲ್ಲಿ ತಿನ್ನಲು ಶುರು ಮಾಡಿದ ಮೇಲೆ ನಿಜವಾದ ಕಷ್ಟ. 68 ಕೆಜಿ ಇದ್ದವನು 49ಕ್ಕೆ ಇಳಿದಿದ್ದೆ. ಬಂದವರೆಲ್ಲ ತಟ್ಟೆ ತುಂಬಾ ಬಡಿಸುವವರೇ. ಒಂದಿನ ಶಕ್ತಿ ಬರಲಿ ಅಂತ ಗಂಜಿಗೆ ಜೋನಿ ಬೆಲ್ಲ ಸುರಿದು ಕುಡಿದೆ. ಇಪ್ಪತ್ತು ನಿಮಿಷಕ್ಕೆ ಎದೆ ಡವಡವ, ಮೈಯೆಲ್ಲಾ ಬೆವರು, ಬಚ್ಚಲಿಗೆ ಓಟ. ಎರಡು ಗಂಟೆ ಬಿಟ್ಟು ಕೈ ನಡುಕ, ಕಣ್ಣು ಕತ್ತಲೆ. ಸಿಹಿ ಸರ್ರನೆ ಕರುಳಿಗೆ ಇಳಿದರೆ ಹೀಗಾಗುತ್ತದಂತೆ.

ಆಮೇಲೆ ಗಡಿಯಾರ ನೋಡಿ ತಿನ್ನಲು ಶುರು ಮಾಡಿದೆ. ದಿನಕ್ಕೆ ಎಂಟು ಸಲ, ಸಲಕ್ಕೊಂದು ಸಣ್ಣ ಬಟ್ಟಲು. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. "ಗುಬ್ಬಿ ತಿಂದ ಹಾಗೆ ತಿಂದರೆ ಮೈ ಹಿಡಿಯುತ್ತಾ?" ಅಂತ ಮಾವ ನಕ್ಕರು. ಮೊಟ್ಟೆ, ಮೊಸರನ್ನ, ತುಪ್ಪ ಸರಾಗ ಇಳಿದವು. ಕಡುಬು ಮಾತ್ರ ಗಂಟಲಲ್ಲೇ ಕೂತಿತು. ತಂಬುಳಿಗೆ ನಾನು ಏನು ಹಾಕುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಮನೆಗೆ ಬಂದರೆ ಕುಡಿಸುತ್ತೇನೆ.

ನಡುವೆ ಹೊಲಿದ ಜಾಗ ಕಿರಿದಾಗಿ, ನಾಲ್ಕು ಸಲ ಹಿಗ್ಗಿಸಿದರು. ಪ್ರತಿ ಸಲ ಆಗುಂಬೆ ಘಾಟಿಯ 14 ತಿರುವು, ಕೈಯಲ್ಲಿ ಪ್ಲಾಸ್ಟಿಕ್ ಕವರ್.

ರಾತ್ರಿ ಹುಳಿನೀರು ಗಂಟಲಿಗೆ ನುಗ್ಗಿ ಕೆಮ್ಮು ಬರುತ್ತಿತ್ತು. ನಾಲ್ಕು ದಿಂಬು ಇಟ್ಟೆ, ನಿದ್ದೆಯಲ್ಲಿ ಜಾರಿದವು. ಮಂಚದ ತಲೆಕಡೆ ಕಾಲಿಗೆ ಹಲಸಿನ ಮರದ ತುಂಡು ಕೊಟ್ಟೆ, ಮುಕ್ಕಾಲು ಅಡಿ ಎತ್ತರ. ಆಗ ನಾನೇ ಜಾರಿದೆ! ತೊಡೆ ಕೆಳಗೆ ಕಂಬಳಿ ಸುರುಳಿ ಇಟ್ಟ ಮೇಲೆ ನಿಂತಿತು.

ಕವಳ, ಅಂದರೆ ಎಲೆ ಅಡಿಕೆ ಹಾಕುವುದು, ಬಿಟ್ಟಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತು ಅಂದಿದೆ. ಅಡಿಕೆ ಬೆಳೆದೇ ಬದುಕಿದವನು ನಾನು, ಹೇಳುವುದು ಕಷ್ಟ.

ತೂಕ ನೋಡುವುದು ಅಡಿಕೆ ಚೀಲ ತೂಗುವ ತಕ್ಕಡಿಯಲ್ಲಿ. ಮೊನ್ನೆ ಹತ್ತಿದಾಗ 57ರ ಹತ್ತಿರ ತೋರಿಸಿತು. ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. "ಜೇಬಲ್ಲೇನಾದ್ರೂ ಕಲ್ಲು ಇಟ್ಕೊಂಡಿದ್ದೀಯೇನೋ?"